ನಲವತ್ತನೆಯ ತಲೆ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ ನನ್ನ ದೋಣಿ ಮುಳುಗಿಹೋಗಲಿ. ದೋಣಿಯನ್ನು ಸರ್ಕಾರಕ್ಕೆ ಒಪ್ಪಿಸಿ ಮೂರು ವರ್ಷವಾಯಿತು, ಅದು ಬೇರೆ ವಿಷಯ. ಆಣೆ ಅಂದರೆ ಆಣೆ.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಬ್ಲೈಂಡ್ ಕೋವ್ ಎಂಬ ನಮ್ಮ ಪುಟ್ಟ ದ್ವೀಪದಲ್ಲಿ ಸೆಲ್ಬಿ ಪಿನ್ಸೆಂಟ್ ಎಂಬವನಿದ್ದ. ಐವತ್ತೆರಡು ವಯಸ್ಸು. ಅವನ ಅಣ್ಣ ಹೆಡ್ಲಿಗೆ ಐವತ್ತೆಂಟು. ಇಬ್ಬರಿಗೂ ಮದುವೆಯಿಲ್ಲ. ಒಂದೇ ಮನೆ, ಒಂದೇ ದೋಣಿ, ಒಂದೇ ಟೀ ಕೆಟಲು. ಮೂವತ್ತು ವರ್ಷ ಒಟ್ಟಿಗೆ ಕಾಡ್ ಮೀನು ಹಿಡಿದವರು. ದೋಣಿಯಲ್ಲಿ ಇಬ್ಬರೂ ಸೇರಿ ದಿನಕ್ಕೆ ನಾಲ್ಕು ಮಾತು ಆಡುತ್ತಿದ್ದರು, ಅದರಲ್ಲಿ ಮೂರು ಬೈಗುಳ.

ತೊಂಬತ್ತೆರಡರ ಜುಲೈನಲ್ಲಿ ರಾಜಧಾನಿ ಒಟ್ಟಾವಾದ ಸರ್ಕಾರದವರು, ಕಡಲಲ್ಲಿ ಕಾಡ್ ಮುಗಿದಿದೆ, ಇನ್ನು ಬಲೆ ಹಾಕಬೇಡಿ ಎಂದು ಅಪ್ಪಣೆ ಮಾಡಿದರು. ಮುಗಿದಿದ್ದು ನಮಗೂ ಗೊತ್ತಿತ್ತು. ಕೊನೆಯ ಬೇಸಿಗೆಯಲ್ಲಿ ಹೆಡ್ಲಿಯ ಬಲೆಗೆ ಒಂದೇ ಒಂದು ಮೀನು ಬಿದ್ದಿತ್ತು. ಅದು ಇವನ ಮುಖ ನೋಡಿ, "ನಮ್ಮೋರು ಯಾರಾದ್ರೂ ಕಂಡ್ರಾ?" ಎಂದು ಕೇಳಿತಂತೆ. ಇವನು ಅದನ್ನು ಮೆಲ್ಲಗೆ ಮತ್ತೆ ನೀರಿಗೆ ಬಿಟ್ಟ.

ಕೈ ಕಟ್ಟಿ ಕೂತವರಿಗೆ ಸರ್ಕಾರ ಒಂದು ಯೋಜನೆ ಮಾಡಿತು. ಅದರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಟೀ ತಣ್ಣಗಾಗುತ್ತಿದ್ದುದರಿಂದ ನಾವು ಅದನ್ನು ಪೊಟ್ಟಣ ಎನ್ನುತ್ತಿದ್ದೆವು. ತಿಂಗಳು ತಿಂಗಳು ಕಾಸು ಬರುತ್ತದೆ, ಆದರೆ ಹೊಸ ಕಸುಬು ಕಲಿಯಬೇಕು. ಹೆಡ್ಲಿಗೆ ಕಾವಲುಗಾರನ ತರಬೇತಿ ಸಿಕ್ಕಿತು. ಆರು ವಾರ ನಿಲ್ಲುವುದನ್ನು ಕಲಿಸಿದರು.

ಸೆಲ್ಬಿಯನ್ನು ಕೊಲ್ಲಿಯಾಚೆಯ ಪಟ್ಟಣದ ಕಚೇರಿಗೆ ಕರೆಸಿದರು. ಮಿಸ್ ಟರ್ಪಿನ್ ಎಂಬ ಹುಡುಗಿ, ಅಧಿಕಾರಿ, ಅರ್ಜಿ ತುಂಬುತ್ತ ಕೂತಿದ್ದಳು.

"ಹಿಂದೆ ಮಾಡಿದ ಕೆಲಸ?"

"ಮೀನು ಹಿಡಿಯೋದು, ಕುಯ್ಯೋದು."

"ಬೇರೇನಾದ್ರೂ?"

"ಮೀನು ಜಾಸ್ತಿ ಬಂದ್ರೆ ಜಾಸ್ತಿ ಕುಯ್ಯೋದು ಕಣಮ್ಮಾ."

"ಅಂದ್ರೆ ಹರಿತವಾದ ಸಾಮಾನು ಹಿಡಿದು ಅಭ್ಯಾಸ ಇದೆ" ಎಂದು ಬರೆದುಕೊಂಡ ಅವಳು ಪಟ್ಟಿಯ ಮೇಲೆ ಬೆರಳಾಡಿಸಿ, ಕ್ಷೌರ ಎಂಬಲ್ಲಿ ಗುರುತು ಹಾಕಿದಳು.

ಮೊದಲ ದಿನದ ಪಾಠ ಗೊಂಬೆಯ ತಲೆಯ ಮೇಲೆ. ಸೆಲ್ಬಿ ಮೀನಿನ ತಲೆ ಮುರಿಯುವ ರೂಢಿಯಂತೆ ಅದರ ಎರಡೂ ಕಣ್ಣಿಗೆ ಬೆರಳು ತೂರಿಸಿ, ಮೇಜಿನ ಅಂಚಿಗೆ ಕತ್ತು ಒತ್ತಿದ. ಲಟಕ್ಕೆಂದಿತು. ಕಲಿಸುವ ಹೆಂಗಸು ಕೆಳಗೆ ಉರುಳಿದ ತಲೆಯನ್ನೂ ಇವನನ್ನೂ ನೋಡಿ, "ಮಿಸ್ಟರ್ ಪಿನ್ಸೆಂಟ್, ತಲೆ ಅಲ್ಲೇ ಇರ್ಬೇಕು. ಕೂದಲು ಮಾತ್ರ ಹೋಗ್ಬೇಕು" ಎಂದಳಂತೆ. ಆ ಚಳಿಗಾಲದಲ್ಲಿ ಹದಿನಾಲ್ಕು ಗೊಂಬೆಗಳು ಹೀಗೆ ತೀರಿಕೊಂಡವು. ಹದಿನೈದನೆಯದು ಉಳಿಯಿತು, ಕಸುಬು ಬಂತು.

ತೊಂಬತ್ತೈದರ ಮೇ ತಿಂಗಳಲ್ಲಿ ಟರ್ಪಿನ್ ಅವನ ಕೈಗೆ ಒಂದು ಹಾಳೆ ಕೊಟ್ಟಳು. ಅದರಲ್ಲಿ ನಲವತ್ತು ಗೆರೆ.

"ನಿಮ್ಮೂರಲ್ಲೇ ನಲವತ್ತು ಜನರಿಗೆ ಕೂದಲು ಕತ್ತರಿಸ್ಬೇಕು. ಪ್ರತಿಯೊಬ್ರ ಸಹಿ ಬೇಕು. ಒಂದು ತಲೆ ಒಂದೇ ಸಲ. ಸೆಪ್ಟೆಂಬರ್ ಮೂವತ್ತರೊಳಗೆ ಆದ್ರೆ ಸರ್ಟಿಫಿಕೇಟು, ಊರಲ್ಲೇ ಅಂಗಡಿ ಹಾಕೋಕೆ ಸಹಾಯ."

"ಆಗ್ದಿದ್ರೆ?"

"ಬೇರೆ ಪ್ರಾಂತ್ಯದಲ್ಲಿ ಕೆಲಸ ಹುಡುಕಿಕೊಡ್ತೀವಿ. ಹೋಗೋ ಟಿಕೆಟ್ಟು ನಮ್ದು."

"ಬರೋ ಟಿಕೆಟ್ಟು?"

"ಅದು ಯೋಜನೇಲಿಲ್ಲ."

ಸೆಲ್ಬಿ ಬ್ಲೈಂಡ್ ಕೋವ್ ಬಿಟ್ಟು ಎಲ್ಲಿಗೂ ಹೋಗುವವನಲ್ಲ. ಅಣ್ಣನನ್ನು ಬಿಟ್ಟಂತೂ ಮೊದಲೇ ಇಲ್ಲ. ಫೆರಿ ಹಡಗಿನಲ್ಲಿ ವಾಪಸು ಬರುತ್ತ ಊರಿನ ತಲೆಗಳನ್ನು ಬೆರಳು ಮಡಚಿ ಎಣಿಸಿದ. ತನ್ನನ್ನು ಬಿಟ್ಟರೆ ಸರಿಯಾಗಿ ನಲವತ್ತು. ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ ಬೇಕು.

ಮೀನು ಒಣಗಿಸುತ್ತಿದ್ದ ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿದ. ಜನ ಬಂದರು. ಬಿಟ್ಟಿ ಕ್ಷೌರ ಯಾರಿಗೆ ಬೇಡ? ಗಾರ್ಲೆಂಡ್ ಮುದುಕನ ತಲೆಯಲ್ಲಿ ಅರವತ್ತೊಂದನೇ ಇಸವಿಯಿಂದ ಒಂದು ಕೂದಲಿಲ್ಲ. ಅವನೂ ಬಂದು ಕೂತು, "ನೆನಪಿಂದ ಕತ್ತರಿಸು ಮಾರಾಯಾ" ಎಂದ. ಸೆಲ್ಬಿ ಅರ್ಧ ಗಂಟೆ ಗಾಳಿಯಲ್ಲಿ ಕತ್ತರಿ ಆಡಿಸಿದ, ಹುಬ್ಬು ಸರಿಮಾಡಿದ, ಸಹಿ ಹಾಕಿಸಿಕೊಂಡ. ಅಂಚೆ ನೋಡಿಕೊಳ್ಳುವ ಡ್ರುಸಿಲ್ಲಾ ಕನ್ನಡಿ ನೋಡಿ, "ಅಯ್ಯೋ ಪಾಪಿ, ನನ್ನ ಗಂಡ ಗೋರಿಯಿಂದ ಎದ್ದು ಬಂದ್ರೂ ಗುರುತು ಸಿಗಲ್ವಲ್ಲೋ" ಎಂದಳು.

"ಒಳ್ಳೇದೇ ಆಯ್ತಲ್ಲ" ಎಂದ ಸೆಲ್ಬಿ.

"ಅದೂ ನಿಜವೇ" ಎಂದು ಅವಳು ಸಹಿ ಹಾಕಿದಳು.

ಆದರೆ ಹೆಚ್ಚಿನವರು ಬಂದದ್ದು ಗುರುವಾರ. ವಾರಕ್ಕೊಮ್ಮೆ, ಶುಕ್ರವಾರ ಹನ್ನೊಂದಕ್ಕೆ ಫೆರಿ. ಹೊಸ ಊರಲ್ಲಿ ಕೆಲಸ ಕೇಳಲು ಹೋಗುವವರಿಗೆ ಒಪ್ಪವಾದ ತಲೆ ಬೇಕಲ್ಲ. ಗುರುವಾರ ಕೂದಲು ಬಿತ್ತು, ಶುಕ್ರವಾರ ಮನೆಗೆ ಬೀಗ ಬಿತ್ತು. ಹತ್ತು ತುಂಬಿದಾಗ ಸೆಲ್ಬಿ ಹಿಗ್ಗಿದ. ಇಪ್ಪತ್ತಕ್ಕೆ ಬರುವ ಹೊತ್ತಿಗೆ ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವುದನ್ನು ಬಿಟ್ಟು, ಕೊಟ್ಟಿಗೆಯಲ್ಲೇ ಮಗುಚಿ ಇಡತೊಡಗಿದ.

ಗುಡಿಸಿ ಹೊರಗೆ ಹಾಕಿದ ಕೂದಲನ್ನು ಕಡಲಹಕ್ಕಿಗಳು ಒಯ್ದು ಬಂಡೆಯ ಮೇಲೆ ಗೂಡು ಕಟ್ಟಿದವು. ನಗಬೇಡಿ, ನಾನೇ ನೋಡಿದ್ದೇನೆ. ಕೀಪಿಂಗ್ ಮನೆಯ ಐದೂ ಜನರದು ಬೆಂಕಿಯಂಥ ಕೆಂಪು ಕೂದಲು. ಅವರು ಮೇ ಕೊನೆಯಲ್ಲಿ ಕೆಲಸ ಹುಡುಕಿಕೊಂಡು ಆಲ್ಬರ್ಟಾ ಪ್ರಾಂತ್ಯಕ್ಕೆ ಹೋದರು. ಮರಿಗಳೂ ಹಾರಿಹೋದವು. ಆ ಕೆಂಪು ಗೂಡು ಮಾತ್ರ ಬೇಸಿಗೆ ಪೂರ್ತಿ ಬಂಡೆಯ ಮೇಲೆ ಉರಿಯುತ್ತಿತ್ತು. ಸೆಲ್ಬಿ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟ.

ಹೆಡ್ಲಿ ಮಾತ್ರ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಅವನ ಕೂದಲು ಕಿವಿ ದಾಟಿ ಕಾಲರಿನ ಮೇಲೆ ಕೂತಿತ್ತು.

"ಬಾರೋ, ಹತ್ತು ನಿಮಿಷದ ಕೆಲಸ" ಎಂದು ಸೆಲ್ಬಿ ಬಟಾಣಿ ಸಾರು ಬಡಿಸುತ್ತ ಕರೆಯುತ್ತಿದ್ದ.

"ಬೇಡಪ್ಪಾ. ನೀನು ಮುಟ್ಟಿದ ತಲೆ ಒಂದಾದ್ರೂ ಊರಲ್ಲಿ ಉಳ್ದಿದೆಯಾ?"

"ಗಾರ್ಲೆಂಡ್ ಇದಾನಲ್ಲ."

"ಅವನದ್ರಲ್ಲಿ ನೀನು ಏನು ಮುಟ್ಟಿದೆ?"

ಸೆಲ್ಬಿಗೂ ಒತ್ತಾಯ ಮಾಡುವ ಮನಸ್ಸಿರಲಿಲ್ಲ. ಅಣ್ಣನ ತಲೆ ಕೊನೆಗಿರಲಿ, ಮನೆಯೊಳಗೇ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದ.

ಸೆಪ್ಟೆಂಬರ್ ಮುಗಿಯುತ್ತ ಬಂದಾಗ ಹಾಳೆಯಲ್ಲಿ ಮೂವತ್ತೊಂಬತ್ತು ಸಹಿ, ಊರಲ್ಲಿ ಹನ್ನೊಂದು ಜನ. ಗಡುವಿಗೆ ಒಂದು ದಿನವಿತ್ತು. ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಹೆಡ್ಲಿ ಕೊಟ್ಟಿಗೆಗೆ ಬಂದ. ಸತ್ತವರ ಮನೆಗೆ ಹಾಕಿಕೊಂಡು ಹೋಗುವ ಕೋಟು ಹಾಕಿದ್ದ. ಕೈಯಲ್ಲೊಂದು ಚೀಲ. ಚೀಲವನ್ನು ಬಾಗಿಲ ಹತ್ತಿರ ಇಟ್ಟು, ಕುರ್ಚಿಯಲ್ಲಿ ಕೂತ.

"ಕತ್ತರಿಸು."

ಸೆಲ್ಬಿ ಚೀಲ ನೋಡಿದ. "ಎಲ್ಲಿಗೆ?"

"ಒಂಟಾರಿಯೋ. ಯಾವ್ದೋ ದೊಡ್ಡ ಅಂಗಡಿ. ಕಾರು ನಿಲ್ಸೋ ಬಯಲು ಕಾಯ್ಬೇಕಂತೆ. ಪೊಟ್ಟಣದವರ ಕಾಗ್ದ ಬಂದು ಮೂರು ವಾರ ಆಯ್ತು."

"ಬಯಲನ್ನ ಯಾವನು ಕದೀತಾನೆ?"

"ಹೋಗಿ ನೋಡಿದ್ರೆ ಗೊತ್ತಾಗುತ್ತೆ."

"ಹೆಡ್ಲಿ, ನಿಂಗೆ ಐವತ್ತೆಂಟು ಕಣೋ."

"ಕಾಗ್ದದಲ್ಲೂ ಹಾಗೇ ಬರ್ದಿದಾರೆ."

"ಬರಲ್ಲ ಅಂತ ಹೇಳು."

"ಬರಲ್ಲ ಅಂದ್ರೆ ನನ್ನ ತಿಂಗಳ ಕಾಸು ನಿಲ್ಸ್ತಾರೆ. ಹತ್ತು ಜನರ ಊರಲ್ಲಿ ನಿನ್ನ ಕತ್ತರಿ ನಿನ್ನ ಹೊಟ್ಟೆಗೇ ಸಾಲಲ್ಲ. ನಾನು ಅದ್ರಲ್ಲಿ ಕೂತು ತಿನ್ಲಾ?"

"ಮೂವತ್ತು ವರ್ಷ ಒಂದೇ ಕೆಟಲ್ಲಲ್ಲಿ ಕುಡ್ದಿಲ್ವಾ?"

"ಅದಕ್ಕೇ ಹೋಗ್ತಿರೋದು." ಹೆಡ್ಲಿ ಕೈ ಚಾಚಿ ಹಾಳೆಯನ್ನು ಎಳೆದುಕೊಂಡ. ನಲವತ್ತನೆಯ ಗೆರೆಯ ಮೇಲೆ, ಬಲೆ ಹೆಣೆಯುವಷ್ಟು ನಿಧಾನವಾಗಿ, ತನ್ನ ಹೆಸರು ಬರೆದ. "ತಗೋ. ನಾಳೆ ಗಡುವಲ್ವಾ? ಒಬ್ಬನಾದ್ರೂ ಇಲ್ಲಿರ್ಲಿ."

ಐದು ತಿಂಗಳಿಂದ ಆಸೆಪಟ್ಟ ಹಾಳೆ ತುಂಬಿತ್ತು. ಸೆಲ್ಬಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣನ ಕತ್ತಿಗೆ ಬಟ್ಟೆ ಕಟ್ಟಿದ. ಬಿಚ್ಚಿ ಮತ್ತೆ ಕಟ್ಟಿದ. ಬಾಚಣಿಗೆ ಹುಡುಕಿದ, ಅದು ಕೈಯಲ್ಲೇ ಇತ್ತು.

ಬಲಗಡೆ ಶುರುಮಾಡಿದ. ಸುಳ್ಳು ಹೇಳುತ್ತಿಲ್ಲ, ಒಂದೊಂದೇ ಕೂದಲನ್ನು ಬೇರೆ ಬೇರೆ ಹಿಡಿದು ಕತ್ತರಿಸಿದ. ನಿಮಿಷಕ್ಕೆ ಹತ್ತು ಮೀನು ಕುಯ್ದ ಕೈ, ಬಲಕಿವಿಯ ಹಿಂದೆ ಮುಕ್ಕಾಲು ಗಂಟೆ ನಿಂತಿತು. ಎಡಗಡೆಯ ಕೂದಲು ಹಾಗೇ ಭುಜದ ಮೇಲೆ ಇಳಿಬಿದ್ದಿತ್ತು. ಅರ್ಧ ಕ್ಷೌರದಲ್ಲಿ ಯಾವ ಮನುಷ್ಯನೂ ಹೊರಗೆ ಹೋಗುವುದಿಲ್ಲ ಎಂದು ಅವನ ಲೆಕ್ಕ. ಫೆರಿ ಹೋದರೆ ಇನ್ನು ಒಂದು ವಾರ. ಒಂದು ವಾರದಲ್ಲಿ ಏನು ಬೇಕಾದರೂ ಆಗಬಹುದು. ಮೀನು ಬೇಕಾದರೂ ವಾಪಸು ಬರಬಹುದು.

"ಬೇಗ ಮಾರಾಯಾ."

"ಅವಸರ ಮಾಡಿದ್ರೆ ಕಿವಿ ಹೋಗುತ್ತೆ. ಸುಮ್ನೆ ಕೂತ್ಕೋ. ನಾನು ಏಳು ವರ್ಷದೋನು ಇದ್ದಾಗ ಮುಳುಗಿದ್ದು ನೆನಪಿದೆಯಾ?"

"ಮೊಣಕಾಲು ನೀರು."

"ಮೊಣಕಾಲು? ಹದಿನೆಂಟು ಆಳುದ್ದ ನೀರು! ತಳಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ತಾತ ಮುತ್ತಾತ ಎಲ್ಲ ಬೆಂಚು ಹಾಕ್ಕೊಂಡು ಕೂತಿದ್ರು, ಮುಳುಗಿದೋರೆಲ್ಲ. ನಂಗೂ ಜಾಗ ಬಿಟ್ಕೊಟ್ರು."

"ನೀನು ಅಳ್ತಾ ನಿಂತಿದ್ದೆ. ಕಾಲಿಗೆ ಏಡಿ ಕಚ್ಚಿತ್ತು."

"ಏಡಿ ಆಮೇಲೆ. ಕೇಳು. ಮುತ್ತಾತ ಟೀ ಬಗ್ಗಿಸಿ ಕೊಟ್ಟ..."

ಬಂದರಿನ ಕಡೆಯಿಂದ ಫೆರಿ ಕೂಗಿತು. ಹೆಡ್ಲಿಯ ಭುಜ ಬಟ್ಟೆಯೊಳಗೆ ಅಲುಗಿತು. ಸೆಲ್ಬಿ ಕತ್ತರಿ ನಿಲ್ಲಿಸಲಿಲ್ಲ, ಗಾಳಿಯಲ್ಲೇ ಆಡಿಸುತ್ತ ದನಿ ಏರಿಸಿದ.

"ಟೀ ಕೊಟ್ಟು, ಇಲ್ಲೇ ಇರಪ್ಪಾ, ಮೇಲೆ ಚಳಿ ಅಂದ. ನಂಗೂ ಸರಿ ಅನ್ನಿಸ್ತು. ಇನ್ನೇನು ಕೂತ್ಕೋಬೇಕು, ಅಷ್ಟರಲ್ಲಿ ಮೇಲಿಂದ ಒಂದು ಕೈ ಬಂತು. ನಿನ್ನ ಕೈ."

ಫೆರಿ ಎರಡನೇ ಸಲ ಕೂಗಿತು. ಹೆಡ್ಲಿ ಎದ್ದು ನಿಂತ. ಬಟ್ಟೆ ಬಿಚ್ಚಿ ಕುರ್ಚಿಯ ಮೇಲೆ ಹಾಕಿದ. ಕೋಟಿನ ಜೇಬಿನಿಂದ ಉಣ್ಣೆಯ ಟೋಪಿ ತೆಗೆದು, ಕತ್ತರಿಸಿದ ಅರ್ಧವನ್ನೂ ಕತ್ತರಿಸದ ಅರ್ಧವನ್ನೂ ಒಟ್ಟಿಗೆ ಒಳಗೆ ತುರುಕಿದ. ತಮ್ಮನ ಹೆಗಲನ್ನು ಒಂದು ಸಲ ಗಟ್ಟಿಯಾಗಿ ಹಿಡಿದು ಬಿಟ್ಟು, ಚೀಲ ಎತ್ತಿಕೊಂಡ.

ಸೆಲ್ಬಿ ಬಾಗಿಲ ಕಡೆ ತಿರುಗಲಿಲ್ಲ. ಕುರ್ಚಿಯ ಹಿಂದೆ ನಿಂತೇ ಇದ್ದ, ಕತ್ತರಿ ತಲೆಯಿದ್ದ ಎತ್ತರದಲ್ಲೇ ಇತ್ತು.

"ನನ್ನ ಜುಟ್ಟು ಹಿಡಿದು ಎಳೆದೆ ನೋಡು ನೀನು, ಹದಿನೆಂಟು ಆಳುದ್ದದಿಂದ, ಒಂದೇ ಉಸಿರಲ್ಲಿ. ದೋಣಿಯೊಳಗೆ ಬಿದ್ದೆ. ಕಣ್ಣು ಬಿಟ್ಟು ನಾನು ನಿಂಗೆ ಮೊದಲು ಏನಂದೆ ಗೊತ್ತಾ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಕಣೋ, ನಾನು ಅವತ್ತು ನಿಂಗೆ ಹೇಳಿದ್ದು ಏನಂದ್ರೆ ಹೆಡ್ಲಿ, ನೀನು..."