ಭಾವನ ಆರನೆಯ ದಿನ

ಮೂರನೆಯ ಸಲವೂ ವಿಮಾನ ಉಳಿಯಿತು. ಎಚ್ಚರಿಕೆಯ ಗಂಟೆ ಬಡಿದ ತಕ್ಷಣ ಅವನ ಕೈ ತಾನಾಗಿ ಚಲಿಸಿತ್ತು. ಪರದೆಯ ಮೇಲಿನ ಗುಡ್ಡ ಕೆಳಗೆ ಸರಿದುಹೋಯಿತು. ಇದು ನಿಜವಾದ ವಿಮಾನವಲ್ಲ, ಪೈಲಟ್‌ಗಳು ನೆಲದ ಮೇಲೇ ಕೂತು ಅಭ್ಯಾಸ ಮಾಡುವ ಸಿಮ್ಯುಲೇಟರ್. ಗುಡ್ಡ ಮಾತ್ರ ನಿಜದ್ದು. ಎರಡು ತಿಂಗಳ ಹಿಂದೆ ಅವನ ಹೆಂಡತಿಯ ಅಣ್ಣ ತಾನು ಹಾರಿಸುತ್ತಿದ್ದ ವಿಮಾನದೊಂದಿಗೆ ಅಪ್ಪಳಿಸಿ ಸತ್ತದ್ದು ಅಲ್ಲೇ.

"ನೀವು ಉಳಿಸಿದ್ರಿ. ಅವರೂ ಉಳಿಸಬಹುದಿತ್ತು," ಎಂದು ಕಂಪನಿಯ ಅಧಿಕಾರಿ ಕಾಗದ ಚಾಚಿದ. "ಪೈಲಟ್ ತಪ್ಪು ಅಂತ ಬರೆದಿದೆ. ಒಂದು ಸಹಿ ಹಾಕಿಬಿಡಿ."

ಪರೀಕ್ಷೆಗೆ ಅವನನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಸತ್ತವನ ನೆಂಟನೇ ಹೇಳಿದ ಮೇಲೆ ಯಾರು ಎದುರಾಡುತ್ತಾರೆ? ಸಾಲದ್ದಕ್ಕೆ ಅವನು ಪೈಲಟ್‌ಗಳ ಸಂಘದವನೂ ಅಲ್ಲ. "ಗುಂಪಲ್ಲಿ ಗೋವಿಂದ ನಂಗಾಗಲ್ಲ ಭಾವ," ಎಂದು ಎಷ್ಟು ಸಲ ಹೇಳಿದ್ದನೋ. ನಸುಕಿನ ಪಾಳಿಗಳನ್ನು ಸತತವಾಗಿ ಹಾಕಬಾರದೆಂಬ ಮನವಿ ಹಿಡಿದು ಸಹಿಗೆಂದು ಮನೆಗೆ ಬಂದಾಗಲೂ ಭಾವ ಅದೇ ಮಾತು ಕೇಳಿ, ನಗುತ್ತ ವಾಪಸು ಹೋಗಿದ್ದ.

ಹಿಂದಿನ ಸೀಟಿನಲ್ಲಿದ್ದ ಸಂಘದ ಕಾರ್ಯದರ್ಶಿ ಬಾಯಿಬಿಟ್ಟಳು. ಅವಳೂ ಪೈಲಟ್. ಇಂಥ ಪರೀಕ್ಷೆಗೆ ಸಂಘದವರೊಬ್ಬರು ಇರಲೇಬೇಕೆಂಬ ಒಪ್ಪಂದವಿತ್ತು. ಇಲ್ಲದಿದ್ದರೆ ಅವಳನ್ನು ಬಾಗಿಲ ಬಳಿಯೂ ಬಿಡುತ್ತಿರಲಿಲ್ಲ.

"ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದ್ರಿ ಸರ್?"

"ಎಂಟು."

"ಅವರು ಐದು ದಿನ ಸತತ ಮೂರು ಗಂಟೆಗೆ ಎದ್ದು ಬಂದಿದ್ರು. ಆರನೇ ದಿನ ಹೀಗಾಯ್ತು. ನೀವೂ ಅದೇ ಹೊತ್ತಿಗೆ ಬಂದು ಇಲ್ಲೇ ಐದು ದಿನ ಹಾರಿಸಿ. ಆರನೇ ದಿನ ಪರೀಕ್ಷೆ ಆಗಲಿ."

ಅಧಿಕಾರಿ ನಕ್ಕ. "ಅದೆಲ್ಲ ಆಗೋ ಹೋಗೋ ಮಾತಲ್ಲ."

"ಹಾಗಾದ್ರೆ ಈ ವರದಿ ನಾವು ಒಪ್ಪಲ್ಲ. ನಾನೊಬ್ಬಳೇ ಅಲ್ಲ, ನಾನೂರು ಪೈಲಟ್‌ಗಳು."

ಅಧಿಕಾರಿಯ ನಗು ನಿಂತಿತು. "ಸರಿ, ಆರು ದಿನ," ಎಂದ. ಈ ಮಾತನ್ನು ತಾನೊಬ್ಬನೇ ಆಡಿದ್ದರೆ ನಾಳೆಯಿಂದ ಮನೆಯಲ್ಲಿ ಕೂರಬೇಕಿತ್ತು ಎಂದು ಪೈಲಟ್ ಸೀಟಿನಲ್ಲಿದ್ದ ಅವನಿಗೆ ಅನ್ನಿಸಿತು.

ಅಣ್ಣನದೇ ತಪ್ಪಾ ಎಂದು ಹೆಂಡತಿ ಒಮ್ಮೆಯೂ ಕೇಳಲಿಲ್ಲ. ಆ ದಿನಗಳಲ್ಲಿ ಮೂರು ಗಂಟೆಗೆ ಅವನ ಜೊತೆಗೇ ಎದ್ದು, ಅವನು ಬೂಟಿನ ದಾರ ಕಟ್ಟುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾಲ್ಕನೆಯ ದಿನದಿಂದ ಅವನಿಗೆ ಭಾವ ಪಕ್ಕದಲ್ಲೇ ಕೂತಂತೆ ಭಾಸವಾಗತೊಡಗಿತು. ಹೆದರಿಕೆಯೂ ಆಯಿತು, ನಾಚಿಕೆಯೂ ಆಯಿತು.

ಆರನೆಯ ಬೆಳಗ್ಗೆ ಗುಡ್ಡ ಮತ್ತೆ ಬಂತು. ಪಕ್ಕದಲ್ಲಿ ಯಾರೋ ದೀರ್ಘವಾಗಿ ಆಕಳಿಸಿದರು. ಆ ಆಕಳಿಕೆ ಅವನಿಗೆ ಗೊತ್ತು. ಅಪಘಾತದ ಧ್ವನಿಮುದ್ರಣದಲ್ಲಿ, ಗಂಟೆಗೆ ಸ್ವಲ್ಪ ಮುಂಚೆ, ಭಾವ ಆಕಳಿಸಿದ್ದು ಕೇಳಿಸುತ್ತಿತ್ತು. ತಿರುಗಿ ನೋಡಿದ. ಸೀಟು ಖಾಲಿ. ತೆರೆದಿದ್ದದ್ದು ಅವನದೇ ಬಾಯಿ.

ಗಂಟೆ ಬಡಿಯಿತು. ಪಕ್ಕದ ಮನೆಯಲ್ಲಿ ಬಡಿದಂತೆ ಕೇಳಿಸಿತು. ಕೈ ತೊಡೆಯ ಮೇಲೇ ಇತ್ತು. ಅದು ಮೇಲೇಳುವಷ್ಟರಲ್ಲಿ ಗುಡ್ಡ ಪರದೆಯನ್ನು ತುಂಬಿ, ನಿಂತುಬಿಟ್ಟಿತು.

ಅಧಿಕಾರಿ ತನ್ನ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡ.

"ಭಾವ ತಂದಿದ್ದ ಮನವಿ ಇನ್ನೂ ಇದೆಯಾ?" ಎಂದು ಅವನು ಕಾರ್ಯದರ್ಶಿಯನ್ನು ಕೇಳಿದ.

ಅವಳು ಕಡತದಿಂದ ತೆಗೆದುಕೊಟ್ಟಳು. ಮೊದಲ ಸಹಿ ಭಾವನದು. ಮೂರನೆಯ ಸಾಲಿನಿಂದ ಕೆಳಗೆ ಪುಟ ತುಂಬ ಸಹಿಗಳು. ಎರಡನೆಯ ಸಾಲು ಮಾತ್ರ ಖಾಲಿ ಇತ್ತು. ಅಂಚಿನಲ್ಲಿ ಪೆನ್ಸಿಲಿನಿಂದ ಭಾವನ ಅಕ್ಷರದಲ್ಲಿ, 'ಇದು ನಮ್ಮ ಮನೆಯವನಿಗೆ. ಬಿಟ್ಟಿರಿ' ಎಂದು ಬರೆದಿತ್ತು.