ಇಸ್ತ್ರಿ ತಾಗಿದ ಗುರುತು

ಅತ್ತಿಗೆಯ ಎದೆಯಿಂದ ಸೂಜಿಯಲ್ಲಿ ತೆಗೆದ ತುಣುಕು ಬಣ್ಣ ಹಚ್ಚಿಸಿಕೊಂಡು ಗಾಜಿನ ಪಟ್ಟಿಯ ಮೇಲೆ ಸಿದ್ಧವಾಗಿತ್ತು. ಡಾಕ್ಟರಮ್ಮ ಅದನ್ನು ನೋಡುವಂತಿರಲಿಲ್ಲ. ಮನೆಯವರ ತುಣುಕನ್ನು ಮನೆಯವರು ಓದಬಾರದೆಂಬುದು ಆ ಪ್ರಯೋಗಾಲಯದ ನಿಯಮ; ಅದನ್ನು ಮಾಡಿದವರೂ ಡಾಕ್ಟರಮ್ಮನೇ. ಓದಬೇಕಾದವನು ಅವರ ಹಳೆಯ ಶಿಷ್ಯ, ಈಗ ಪಕ್ಕದ ಮೇಜಿನ ಡಾಕ್ಟರ್.

ಹೋದ ವರ್ಷ ಗಡ್ಡೆ ತೆಗೆದು, ಆಮೇಲೆ ವಾರಗಟ್ಟಲೆ ವಿಕಿರಣ ಕೊಟ್ಟಿದ್ದರು. ಈಗ ಅದೇ ಜಾಗದಲ್ಲಿ ಕಾಳಿನಷ್ಟು ಗಂಟು. ಹೊಲಿಗೆಯಲ್ಲೇ ಬದುಕು ಸಾಗಿಸಿದ ಅತ್ತಿಗೆ ನಕ್ಕುಬಿಟ್ಟಿದ್ದರು.

"ಇಸ್ತ್ರಿ ಪೆಟ್ಟಿಗೆ ಒಂದು ಗಳಿಗೆ ಹೆಚ್ಚಿಗೆ ಇಟ್ರೆ ಬಟ್ಟೆ ಗಟ್ಟಿಯಾಗಲ್ವೇನೇ? ಇದೂ ಅಷ್ಟೇ. ಏನೇ ಇರಲಿ, ಮೊದಲು ನಿನ್ನ ಬಾಯಿಂದಲೇ ಕೇಳ್ಬೇಕು. ನಿಮ್ಮಣ್ಣ ಹೇಳೋಕೆ ಬಂದ್ರೆ ನಾನೇ ಅವರ ಕಣ್ಣೊರೆಸ್ತಾ ಕೂರ್ಬೇಕಾಗುತ್ತೆ."

ಮಧ್ಯಾಹ್ನ ಶಿಷ್ಯ ಕರೆದ. "ಮೇಡಂ, ಒಂದ್ನಿಮಿಷ ಬರ್ತೀರಾ?"

"ನಿಯಮ ಮರೆತ್ಯೇನಪ್ಪ?"

"ವರದಿ ನಾನೇ ಬರೀತೀನಿ. ನೀವು ಸುಮ್ನೆ ನೋಡಿ. ಕಾಗದದಲ್ಲಿ ಓದೋದಕ್ಕಿಂತ..."

ಅದು ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕ. ಒಬ್ಬರು ಪಟ್ಟಿ ಸರಿಸಿ ಪುಟ್ಟ ಬಾಣದಿಂದ ತೋರಿಸಿದ್ದು ಇನ್ನೊಬ್ಬರಿಗೂ ಕಾಣುತ್ತದೆ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಬಗ್ಗಿದರು.

ವಿಕಿರಣ ಹಾದುಹೋದ ನೆಲ. ಮೃದುವಾಗಿರಬೇಕಾದದ್ದೆಲ್ಲ ಗಟ್ಟಿ ಗುಲಾಬಿ ನಾರಾಗಿತ್ತು. ರಕ್ತನಾಳಗಳ ಗೋಡೆ ದಪ್ಪವಾಗಿತ್ತು. ಹಾಲಿನ ಗ್ರಂಥಿಯ ಜೀವಕೋಶಗಳು ಊದಿಕೊಂಡು, ಅವುಗಳೊಳಗಿನ ಕೋಶಕೇಂದ್ರಗಳು ಕಪ್ಪಗೆ ವಿಕಾರವಾಗಿದ್ದವು. ಆದರೆ ಸಾಲು ಬಿಟ್ಟಿರಲಿಲ್ಲ. 'ವಿಕಿರಣ ತಿಂದ ಕೋಶ ರಾಕ್ಷಸನ ಹಾಗೆ ಕಾಣುತ್ತೆ, ಪಾಪದ್ದು. ಅಂದಗೆಟ್ಟದ್ದಕ್ಕೆ ಹೆದರಬೇಡಿ, ಸಾಲು ಮುರಿದು ನುಗ್ಗಿರೋದನ್ನ ಹುಡುಕಿ' ಎಂದು ಎಷ್ಟು ತಂಡಗಳಿಗೆ ಪಾಠ ಹೇಳಿದ್ದರೋ!

"ಸುಟ್ಟ ಗುರುತು ಅಷ್ಟೇ ಕಣೋ," ಎಂದರು. ಉಸಿರು ಹಗುರಾಯಿತು.

ಶಿಷ್ಯ ಪಟ್ಟಿಯನ್ನು ಮೆಲ್ಲಗೆ ಅಂಚಿಗೆ ಸರಿಸಿದ. ನಾರಿನ ನಡುವೆ ಚಿಕ್ಕ ಚಿಕ್ಕ, ಅಚ್ಚುಕಟ್ಟಾದ ಕೋಶಗಳ ಗುಂಪು. ಬಾಣ ಅಲ್ಲಿ ನಿಂತಿತು.

"ಅದು ಗಾಯ ಮಾಯುವಾಗ ಬಂದಿರೋ ಕೋಶ," ಎಂದರು ಡಾಕ್ಟರಮ್ಮ.

ಬಾಣ ಅಲ್ಲಾಡಲಿಲ್ಲ.

"ಬಣ್ಣ ಸರಿಯಾಗಿ ಹಿಡಿದಿಲ್ಲ ಅನ್ಸುತ್ತೆ."

ಇದೇ ಮಾತನ್ನು ಅವನು ಪರೀಕ್ಷೆಯಲ್ಲಿ ಆಡಿದ್ದರೆ ಅವರು ಹೊರಗೆ ಕಳಿಸುತ್ತಿದ್ದರು. ಅವನು ಇನ್ನೂ ದೊಡ್ಡದಾಗಿ ತೋರಿಸುವ ಮಸೂರಕ್ಕೆ ತಿರುಗಿಸಿದ. ಆಗ ಬಾಣದ ತುದಿಯಲ್ಲಿ ಅವರಿಗೆ ಕಂಡಿತು: ಒಂದು ಕೋಶ ನಡು ಸಣ್ಣಗಾಗಿ, ಎರಡಾಗುತ್ತಿತ್ತು. ಅಕ್ಕಪಕ್ಕದಲ್ಲಿ ಅಂಥವೇ ಇನ್ನಷ್ಟು, ಸಾಲು ಮುರಿದು ನಾರಿನೊಳಕ್ಕೆ ನುಗ್ಗಿದ್ದವು.

"ಇದು ಬದುಕಿದೆ," ಎಂದರು.

"ಹೂಂ, ಮೇಡಂ."

ಅವನು ದೀಪ ಆರಿಸಿದ. ಮೇಜಿನ ಮೇಲಿದ್ದ ಅವರ ಕನ್ನಡಕವನ್ನು ಮಸೂರ ಒರೆಸುವ ತೆಳುಕಾಗದದಿಂದ ಒರೆಸಿ, ಮಡಿಕೆ ಬಿಡಿಸಿ ಕೈಗೆ ಕೊಟ್ಟ. ಅವರ ಮುಖ ನೋಡಲಿಲ್ಲ.

ಸಂಜೆ ಅತ್ತಿಗೆ ಹೊಲಿಗೆ ಯಂತ್ರದ ಮುಂದಿದ್ದರು. ನಾದಿನಿ ಬಾಗಿಲಲ್ಲಿ ನಿಂತದ್ದನ್ನು ಕಂಡು ಚಕ್ರಕ್ಕೆ ಕೈ ಒತ್ತಿ ನಿಲ್ಲಿಸಿದರು.

"ಇಸ್ತ್ರಿ ಗುರುತೂ ಇದೆ ಅತ್ತಿಗೆ," ಡಾಕ್ಟರಮ್ಮ ಪಕ್ಕದ ಮಣೆಯಲ್ಲಿ ಕುಳಿತರು. "ಅದರ ಪಕ್ಕದಲ್ಲೇ ಅದೂ ಇದೆ."

"ಸತ್ತಿಲ್ವಾ?"

"ಇಲ್ಲ."

ಅತ್ತಿಗೆ ಮಡಿಲಲ್ಲಿದ್ದ ಬಟ್ಟೆಯ ಸುಕ್ಕನ್ನು ನೇವರಿಸುತ್ತಾ ಕುಳಿತರು.

"ಮುಂಡೇದು, ಅಷ್ಟು ಶಾಖಕ್ಕೂ ಜಗ್ಗಲಿಲ್ಲ ನೋಡು," ಎಂದರು ಕೊನೆಗೆ. "ನಿಮ್ಮಣ್ಣನಿಗೆ ಊಟ ಆದ್ಮೇಲೆ ಹೇಳೋಣ. ಖಾಲಿ ಹೊಟ್ಟೇಲಿ ಅವರು ತಡ್ಕೊಳ್ಳಲ್ಲ."

ಆಮೇಲೆ ಕೈಸೂಜಿಯನ್ನೂ ದಾರವನ್ನೂ ಮುಂದೆ ಹಿಡಿದರು. "ಇದನ್ನ ಪೋಣಿಸಿ ಕೊಡು. ಕಣ್ಣಿಗೆ ಕಾಣದ್ದನ್ನೆಲ್ಲ ಹುಡುಕೋಳು ನೀನು."

ಡಾಕ್ಟರಮ್ಮನಿಗೆ ಸೂಜಿಯ ಕಣ್ಣು ಕಾಣಲಿಲ್ಲ. ದಾರ ಆಚೆ ಹೋಯಿತು, ಈಚೆ ಹೋಯಿತು. ಅತ್ತಿಗೆ ಕೈ ಚಾಚಿ ಅದನ್ನು ಇಸಿದುಕೊಳ್ಳಲಿಲ್ಲ. ಅವಸರವಿಲ್ಲದವರಂತೆ ಕಾಯುತ್ತಾ ಕುಳಿತರು.