ಪಂಪ್ ಮನೆಯ ಹಿಂದೆ ನಿಂತವನು

ಕೀಲಿಯಕ್ಕನಿಗೆ ಗಂಡನ ಮೇಲೆ ಮೊದಲು ಅನುಮಾನ ಹುಟ್ಟಿದ್ದು ಅವನು ಖುಷಿಯಾಗಿದ್ದ ಎಂಬ ಕಾರಣಕ್ಕೆ. ಶನಿವಾರ ಬೆಳಗಿನ ಓಟ ಮುಗಿಸಿ ಮನೆಗೆ ಬಂದವನು ಬೂಟಿನ ಲೇಸು ಬಿಚ್ಚುತ್ತ ಸಿಳ್ಳೆ ಹಾಕುತ್ತಿದ್ದ. ಅವತ್ತು ಅವನು ಅವಳಿಗಿಂತ ಹಿಂದೆ ಬಿದ್ದಿದ್ದ. ವಾರವಾರದ ಪಾರ್ಕಿನ ಓಟಕ್ಕೆ ಇಬ್ಬರೂ ಸೇರಿ ವರ್ಷಗಳೇ ಆಗಿದ್ದವು. ಒಂದು ಸಲವೂ ಹಾಗಾಗಿರಲಿಲ್ಲ. ಅವಳು ಏದುಸಿರು ಬಿಡುತ್ತ ಗೆರೆ ದಾಟುವ ಹೊತ್ತಿಗೆ ಅವನು ನೀರಿನ ಬಾಟಲಿ ಹಿಡಿದು, "ಬಂದ್ಯಾ? ನಾನು ಒಂದು ನಿದ್ದೆ ಮುಗಿಸ್ದೆ" ಎಂದು ಕಿಚಾಯಿಸುವುದು ರೂಢಿ. ಸೋತರೆ ಎರಡು ದಿನ ಮುಖ ಊದಿಸಿಕೊಳ್ಳುವ ಮನುಷ್ಯ ಈಗ ಸೋತು ಸಿಳ್ಳೆ ಹಾಕುತ್ತಾನೆಂದರೆ?

ಅನುಮಾನ ಪಡುವುದು ಅವಳ ಕಸುಬಿಗೇ ಅಂಟಿಕೊಂಡದ್ದು. ಅಪ್ಪ ಬಿಟ್ಟುಹೋದ ಬೀಗ ರಿಪೇರಿ ಅಂಗಡಿ ಅವಳದು. ಅದಕ್ಕೇ ಎಲ್ಲರ ಬಾಯಲ್ಲೂ ಕೀಲಿಯಕ್ಕ. ಬೀಗ ಕೆಟ್ಟಿದೆ ಎಂದು ಯಾರಾದರೂ ಕರೆದರೆ ಅವಳು ಮೊದಲು ನೋಡುವುದು ಬಾಗಿಲನ್ನು. ಬಾಗಿಲು ಒಂದಿಷ್ಟು ಕುಸಿದಿರುತ್ತದೆ, ಬೈಗುಳ ಬೀಗಕ್ಕೆ ಬೀಳುತ್ತದೆ. ಗಂಡನ ವಿಷಯದಲ್ಲೂ ಅವಳಿಗೆ ಬೇಕಾಗಿದ್ದದ್ದು ಅದೇ, ಯಾವುದು ಕುಸಿದಿದೆ ಎಂಬುದು.

ಕೇಳಿದರೆ ಹೇಳುವ ಗಿರಾಕಿಯಲ್ಲ ಅವನು. ಬಸ್ ಕಂಡಕ್ಟರ್. ದಿನವಿಡೀ ಊರಿನ ಜನರ ಜೊತೆ ಗಂಟಲು ಹರಿದುಕೊಂಡು ಮಾತಾಡಿ, ಮನೆಗೆ ಬರುವಷ್ಟರಲ್ಲಿ ಸ್ವಂತ ವಿಷಯಕ್ಕೆ ಮಾತೇ ಉಳಿದಿರುತ್ತಿರಲಿಲ್ಲ. ಹಿಂದೊಮ್ಮೆ ಬಸ್ಸಿನ ಬಾಗಿಲಿಗೆ ಬೆರಳು ಸಿಕ್ಕಿ ಉಗುರು ಕಿತ್ತುಹೋದಾಗ, ಕೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ಮನೆಯೆಲ್ಲ ಓಡಾಡಿದ್ದ. ಎಡಗೈಯಲ್ಲಿ ಊಟ ಮಾಡಲು ಹೋಗಿ ಸಿಕ್ಕಿಬಿದ್ದ. ಅವನ ಅಣ್ಣನೂ ಹಾಗೇ. "ಗ್ಯಾಸು, ಗ್ಯಾಸು" ಎನ್ನುತ್ತಲೇ ಎದೆ ಉಜ್ಜಿಕೊಂಡು ತಿರುಗಿ, ಒಂದು ಮಧ್ಯಾಹ್ನ ಸ್ವಂತ ಮನೆಯ ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅವತ್ತು ಆ ಮೆಟ್ಟಿಲ ಬುಡದಲ್ಲಿ ನಿಂತಿದ್ದವಳು ಕೀಲಿಯಕ್ಕ. ಭಾವನವರ ಕೈ ಇನ್ನೂ ಎದೆಯ ಮೇಲೇ ಇತ್ತು.

ಹಾಗಾಗಿ ಅವಳ ಭಯಕ್ಕೆ ಹೆಸರಿತ್ತು. ಅದನ್ನು ಬಾಯಿಬಿಟ್ಟು ಆಡುವ ಧೈರ್ಯ ಇರಲಿಲ್ಲ ಅಷ್ಟೆ.

ಮರುವಾರ ಗುಮಾನಿಗೆ ಇನ್ನೂ ಒಂದು ಕಾರಣ ಸಿಕ್ಕಿತು. ವರ್ಷಕ್ಕೊಮ್ಮೆ ಓಟದ ಗುಂಪಿನವರೆಲ್ಲ ಪಾರ್ಕಿನ ಕಲ್ಲುಬೆಂಚಿನ ಸುತ್ತ ಸೇರಿ ಒಬ್ಬೊಬ್ಬರೂ ಒಂದೊಂದು ಹೊಸ ಪಣ ತೊಡುವುದು ವಾಡಿಕೆ. ಗೆಲ್ಲುವ ಮಾತಲ್ಲ ಅದು. ತನಗೆ ತಾನೇ ಹಾಕಿಕೊಳ್ಳುವ ಸವಾಲು. ಈ ಸಲ ಒಬ್ಬ ಇಡೀ ವರ್ಷ ಒಂದು ವಾರವೂ ತಪ್ಪಿಸುವುದಿಲ್ಲ ಎಂದ. ಪಾರ್ಲರ್ ನಡೆಸುವ ಹೆಂಗಸು, ಓಡುವಾಗ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಘೋಷಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಪಣ ಮುಂದಿನ ಶನಿವಾರ ಅರ್ಧ ದಾರಿಯಲ್ಲೇ ಮುರಿಯಿತು. ಕೀಲಿಯಕ್ಕ, "ಜೀವಂತ ವಾಪಸ್ ಬಂದ್ರೆ ಸಾಕಪ್ಪಾ, ಅದೇ ನನ್ನ ಪಣ" ಎಂದಳು. ಕಂಡಕ್ಟರ್ ಮಾತ್ರ ತಲೆ ಕೆರೆದುಕೊಂಡು, "ನಂಗೇನೂ ಬೇಡ ಈ ವರ್ಷ. ವಯಸ್ಸಾಯ್ತಲ್ಲ" ಎಂದುಬಿಟ್ಟ. ಉಪ್ಪಿನ ಪೊಟ್ಟಣ ತರಲು ಹೋಗುವಾಗಲೂ ಎಷ್ಟು ಬೇಗ ಬರ್ತೀನಿ ನೋಡು ಎಂದು ಪಣ ಕಟ್ಟುವವನು! 

ಮುಂದಿನ ವಾರಗಳಲ್ಲಿ ಅವನು ಎಷ್ಟನೆಯವನಾಗಿ ಬೇಕಾದರೂ ಬಂದು ಗೆರೆ ಮುಟ್ಟತೊಡಗಿದ. ಒಂದು ವಾರ ಅವಳಿಗಿಂತ ಬಹಳ ಮುಂದೆ, ಮರುವಾರ ಬೆನ್ನ ಹಿಂದೆ, ಇನ್ನೊಂದು ವಾರ ಕೋಲೂರಿಕೊಂಡು ನಡೆಯುವ ಅಜ್ಜಿಯ ಜೊತೆ. ಗೆರೆ ದಾಟಿದವರಿಗೆಲ್ಲ ಎಷ್ಟನೆಯವರಾಗಿ ಬಂದರೋ ಆ ನಂಬರಿನ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೊಡುತ್ತಾರೆ. ಹೆಸರು ಬರೆಸಿ ಅದನ್ನು ಹಿಂದಿರುಗಿಸಬೇಕು. ಅವನು ಆ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು, ಕದ್ದ ಮಾಲಿನ ಹಾಗೆ ಮೆಲ್ಲಗೆ ಇಣುಕಿ ನೋಡುತ್ತಿದ್ದ. ಒಂದು ದಿನ ಬಚ್ಚಲಮನೆಯಿಂದ ಅವನ ದನಿ ಕೇಳಿತು: "ಮೂವತ್ತೊಂದು... ಅಬ್ಬಾ, ಮೂವತ್ತೊಂದು ಸಿಕ್ತು."

ಕೀಲಿಯಕ್ಕ ಬಾಗಿಲಿಗೆ ಕಿವಿ ಕೊಟ್ಟಳು. ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೂವತ್ತೊಂದು ಅಂದರೇನು? ನಾಡಿಯೇ? ರಕ್ತದ್ದು ಯಾವುದಾದರೂ ಲೆಕ್ಕವೇ? ಕದ್ದು ಆಸ್ಪತ್ರೆಗೆ ಹೋಗಿ ಬಂದನೇ?

ಈ ವಿಷಯವನ್ನು ಪಾರ್ಲರಿನವಳ ಕಿವಿಗೆ ಹಾಕಿದ್ದು ಅವಳು ಮಾಡಿದ ತಪ್ಪು. ಪಾರ್ಲರಿನ ಶಟರ್ ಬೀಗ ಕೈಕೊಟ್ಟಿತ್ತು. ಕೀಲಿಯಕ್ಕ ನೆಲದ ಮೇಲೆ ಕೂತು ಎಣ್ಣೆ ಬಿಡುತ್ತಿದ್ದರೆ, ಪಾರ್ಲರಿನವಳು ಕುರ್ಚಿಯಲ್ಲಿ ಕೂತು ತಲೆಗೆ ಹುಳ ಬಿಡುತ್ತಿದ್ದಳು.

"ಮೂವತ್ತೊಂದಾ? ಅಕ್ಕಾ, ಅದು ವಯಸ್ಸು."

"ಯಾರ ವಯಸ್ಸೇ?"

"ಅದನ್ನ ನೀವೇ ಕಂಡುಹಿಡೀಬೇಕು. ಗಂಡಸರು ಇದ್ದಕ್ಕಿದ್ದಂಗೆ ಸಿಳ್ಳೆ ಹಾಕಕ್ಕೆ ಶುರು ಮಾಡಿದ್ರೆ ಸುಮ್ನೆ ಅಲ್ಲ. ಕೂದಲಿಗೆ ಬಣ್ಣ ಗಿಣ್ಣ ಹಚ್ಕೊಂಡ್ರಾ?"

"ಇರೋದೇ ನಾಲ್ಕು ಕೂದಲು. ಯಾವುದಕ್ಕೇ ಹಚ್ತಾರೆ?"

"ನಗಬೇಡಿ ಅಕ್ಕಾ. ಓಟದಲ್ಲಿ ಹಿಂದೆ ಉಳಿಯೋದು ಯಾಕೆ? ಹಿಂದೆ ಯಾರೋ ಬರ್ತಿರ್ತಾರೆ ಅಂತ ತಾನೇ!"

ಕೀಲಿಯಕ್ಕ ನಕ್ಕಳೇನೋ ನಿಜ. ಅಂಗಡಿಗೆ ಹಿಂದಿರುಗುವಾಗ ಮಾತ್ರ ಯೋಚನೆ ಬೇರೆಯೇ ಬಂತು. ದೇವರೇ, ಇವಳು ಹೇಳಿದ್ದೇ ನಿಜವಾಗಿದ್ದರೆ ಎಷ್ಟೋ ವಾಸಿ. ಇನ್ನೊಬ್ಬಳಿದ್ದರೆ ಜಗಳವಾಡಬಹುದು, ಪಾತ್ರೆ ಎಸೆಯಬಹುದು, ತವರಿಗೆ ಹೋಗಿ ಕೂರಬಹುದು. ಮೆಟ್ಟಿಲ ಮೇಲೆ ಕೂತವರ ಜೊತೆ ಯಾರು ಜಗಳವಾಡುತ್ತಾರೆ?

ಅವತ್ತೇ ಊಟಕ್ಕೆ ಕೂತಾಗ ನೇರವಾಗಿ ಕೇಳಿದಳು. "ರೀ, ಮೈ ಹುಷಾರಾಗಿದ್ಯಾ?"

"ನಂಗೇನಾಗಿದೆ? ಗುಂಡುಕಲ್ಲು."

"ಮತ್ತೆ ಓಟದಲ್ಲಿ ಯಾಕೆ ಹಿಂದೆ ಬೀಳ್ತಿದೀರಿ?"

"ಒಂದೊಂದು ದಿನ ಕಾಲು ಹೇಳಿದ್ದು ಕೇಳಲ್ಲ ಕಣೇ. ಪಲ್ಯ ಬಡಿಸು."

ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮಾ, ನಿಂಗೆ ಅಪ್ಪನ ನೆರಳು ಉದ್ದ ಆದ್ರೂ ಡೌಟು" ಎಂದಳು. ಗಂಡ ಜೋರಾಗಿ ನಕ್ಕ, ಅಗತ್ಯಕ್ಕಿಂತ ಒಂದು ತೂಕ ಜಾಸ್ತಿಯೇ. ಕೀಲಿಯಕ್ಕ ಪಲ್ಯ ಬಡಿಸುತ್ತ ಅವನ ಕೈ ನೋಡಿದಳು. ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು. ಬಸ್ಸಿನಲ್ಲಿ ತಲೆ ಎಣಿಸಿ ಎಣಿಸಿ ಬಂದ ಚಟ. ಊಟದ ತಟ್ಟೆಯ ಮುಂದೆ ಏನನ್ನು ಎಣಿಸುತ್ತಿದ್ದಾನೆ ಈ ಮನುಷ್ಯ?

ಕೊನೆಗೆ ಅವಳು ಪತ್ತೇದಾರಿಕೆಗೆ ಇಳಿದಳು. ಆ ಓಟದಲ್ಲಿ ಪ್ರತಿ ವಾರವೂ ಒಂದಷ್ಟು ಜನ ಓಡುವುದು ಬಿಟ್ಟು ಕೆಲಸಕ್ಕೆ ನಿಲ್ಲಬೇಕು. ಬಿಲ್ಲೆ ಹಂಚುವವರು, ದಾರಿ ತೋರುವವರು. ಕೀಲಿಯಕ್ಕ ಕೊನೆಯ ತಿರುವು ಬೇಕೆಂದು ಕೇಳಿ ಪಡೆದಳು. ಪಾರ್ಕಿನ ಆ ತುದಿಯವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವವರೆಲ್ಲ ಆ ತಿರುವಿನಲ್ಲಿ ಎಡಕ್ಕೆ ಹೊರಳಬೇಕು. ಹೊರಳಿದರೆ ಹಳೆಯ ಪಂಪ್ ಮನೆ, ಅದರಾಚೆ ಮುಗಿಯುವ ಗೆರೆ. ಹೊರಳದೆ ನೆಟ್ಟಗೆ ಹೋದರೆ ಗೇಟು, ಗೇಟಿನಾಚೆ ಮಾರ್ಕೆಟ್ ರಸ್ತೆ.

ಹಳದಿ ಜಾಕೆಟ್ಟು ತೊಟ್ಟು, ಬಾಣದ ಹಲಗೆ ಹಿಡಿದು ನಿಂತಳು. ಮೊದಲು ಚಿಗರೆಯಂಥ ಹುಡುಗರು ಹಾರಿ ಹೋದರು. ಅವರ ಹಿಂದೆ ಮಧ್ಯವಯಸ್ಸಿನ ಗಂಡಸರು, ಮುಖ ಕೆಂಪಗೆ ಮಾಡಿಕೊಂಡು. ಅವರ ನಡುವೆ ಅವಳ ಗಂಡ ಬಂದ. ಚೆನ್ನಾಗಿಯೇ ಓಡುತ್ತಿದ್ದ. ಅವಳನ್ನು ನೋಡಿದವನೇ ಒಂದು ಕ್ಷಣ ತಡವರಿಸಿ, ಹಲ್ಲು ಕಿರಿದು, ಎಡಕ್ಕೆ ಹೊರಳಿದ. ತುಟಿ ಏನೋ ಪಿಟಿಪಿಟಿ ಅನ್ನುತ್ತಿತ್ತು.

ಗೆರೆ ಕಣ್ಣಳತೆಯಲ್ಲಿತ್ತು. ಅವನು ಗೆರೆಯತ್ತ ಹೋಗಲಿಲ್ಲ. ಅತ್ತಿತ್ತ ನೋಡಿ, ಕಳ್ಳಹೆಜ್ಜೆ ಇಟ್ಟು ಪಂಪ್ ಮನೆಯ ಹಿಂದೆ ಸರಿದ.

 ಗೋಡೆಯ ಅಂಚಿನಲ್ಲಿ ಅವನ ಅರ್ಧ ಬೆನ್ನು ಮಾತ್ರ ಕಾಣುತ್ತಿತ್ತು. ಬಾಗಿದ್ದ. ಒಂದು ಕೈ ಗೋಡೆಗೆ ಊರಿತ್ತು, ಇನ್ನೊಂದು ಎದೆಯ ಹತ್ತಿರ ಮಡಚಿಕೊಂಡಿತ್ತು.

ಹಲಗೆ ಕೈಯಿಂದ ಜಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಜೀವಮಾನದಲ್ಲಿ ಓಡದಷ್ಟು ಜೋರಾಗಿ ಓಡಿದಳು.

"ರೀ! ರೀ, ಏನಾಯ್ತ್ರೀ? ಕೂತ್ಕೊಳಿ! ಇಲ್ಲ, ಕೂತ್ಕೋಬೇಡಿ! ಎದೆ ನೋವಾ?"

ಅವನು ತಿರುಗಲಿಲ್ಲ. ಅಂಗೈ ಎತ್ತಿ ತಡೆದ. "ಶ್! ಒಂದ್ನಿಮಿಷ ಮಾತಾಡ್ಬೇಡ್ವೇ, ಎಣಿಕೆ ತಪ್ಪತ್ತೆ! ಮೂವತ್ತನಾಲ್ಕು... ಮೂವತ್ತೈದು..."

"ಎಣಿಕೆನಾ?"

"ಮೂವತ್ತೇಳು ಜನ ಹೋಗ್ಲಿ, ಆಮೇಲೆ ನಾನು... ಅಯ್ಯೋ! ಮುಂದಿನವರು ಎಲ್ಲೇ? ಯಾಕೆ ಯಾರೂ ಬರ್ತಿಲ್ಲ?"

ಇಬ್ಬರೂ ಗೋಡೆಯಾಚೆ ಇಣುಕಿದರು. ತಿರುವಿನಲ್ಲಿ ಬಾಣದ ಹಲಗೆ ಆಕಾಶ ನೋಡುತ್ತ ಬಿದ್ದಿತ್ತು. ಪಾರ್ಲರಿನವಳ ಮುಂದಾಳತ್ವದಲ್ಲಿ ಇಡೀ ಗುಂಪು ನೆಟ್ಟಗೆ ಗೇಟು ದಾಟಿ, ಮಾರ್ಕೆಟ್ ರಸ್ತೆಯಲ್ಲಿ ಭರ್ಜರಿಯಾಗಿ ಓಡುತ್ತಿತ್ತು.

"ನನ್ನ ಮೂವತ್ತೆಂಟು!" ಎಂದು ಕಂಡಕ್ಟರ್ ತಲೆಯ ಮೇಲೆ ಕೈ ಹೊತ್ತ.

ಆ ಗುಂಪನ್ನು ವಾಪಸ್ ಕರೆತಂದು, ಎಲ್ಲರ ಬೈಗುಳ ತಿಂದು ಮುಗಿಯುವಷ್ಟರಲ್ಲಿ ಬಿಸಿಲು ಏರಿತ್ತು. ಕಲ್ಲುಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಅವನು ತಪ್ಪು ಮಾಡಿದ ಶಾಲೆ ಹುಡುಗನಂತೆ ಬೂಟಿನ ತುದಿ ನೋಡುತ್ತ ಹೇಳಿದ.

"ಬಿಲ್ಲೆ ಕಣೇ. ಹದಿನೈದರಿಂದ ಐವತ್ತರವರೆಗೆ ಪ್ರತಿಯೊಂದು ನಂಬರೂ ಒಂದೊಂದು ಸಲ ಸಿಗ್ಬೇಕು. ಹದಿನೈದಕ್ಕಿಂತ ಮುಂದಿಂದೆಲ್ಲ ಆ ಎಳೇ ಹುಡುಗ್ರದ್ದು, ನಾವು ಆಸೆ ಪಡಬಾರ್ದು. ಹೋಗ್ತಾ ಹೋಗ್ತಾ, ನನಗಿಂತ ಮುಂದೆ ಹೋಗಿ ವಾಪಸ್ ಬರೋರನ್ನೆಲ್ಲ ಎಣಿಸ್ಕೊಂಡಿರ್ತೀನಿ. ಆಮೇಲೆ ಪಂಪ್ ಮನೆ ಹಿಂದೆ ನಿಂತು, ಬೇಕಾದಷ್ಟು ಜನಾನ ಬಿಟ್ಟು, ನುಗ್ಗೋದು."

"ಇಷ್ಟೇನಾ?"

"ಇಷ್ಟೇ ಅಂದ್ರೆ? ಸುಲಭ ಅಂದ್ಕೊಂಡ್ಯಾ? ಮೊನ್ನೆ ಆ ಅಜ್ಜಿ ಕೊನೇ ಗಳಿಗೇಲಿ ಕೋಲು ಕಂಕುಳಲ್ಲಿ ಇಟ್ಕೊಂಡು ಓಡಿಬಿಟ್ರು. ಒಂದು ನಂಬರ್ ಹೋಯ್ತು."

"ಹೇಳಿದ್ರೆ ಏನಾಗ್ತಿತ್ತು ನಿಮಗೆ?"

"ಹೇಳಿದ್ರೆ ಎಲ್ರೂ ದಾರಿ ಬಿಡ್ತಾರೆ. 'ಬನ್ನಿ ಕಂಡಕ್ಟ್ರೇ, ನಿಮ್ಮ ನಂಬರ್ ಬಂತು' ಅಂತ. ಆಮೇಲೆ ಅದರಲ್ಲೇನು ಮಜಾ?"

ಮಾತೆಲ್ಲ ಸರಿಯಾಗಿಯೇ ಕೂತಿತ್ತು. ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇಷ್ಟು ದಿನ ನುಂಗಿದ ಭಯವೆಲ್ಲ ಒಂದು ಪ್ಲಾಸ್ಟಿಕ್ ಬಿಲ್ಲೆಗೆ! ಎದ್ದು ಜಾಕೆಟ್ಟು ಬಿಚ್ಚತೊಡಗಿದಳು. ಒಂದು ತೋಳಿನಿಂದ ಕೈ ಹೊರಬಂದಿತ್ತು, ಇನ್ನೊಂದು ಒಳಗೇ ಇತ್ತು, ಆಗ ನಿಂತಳು. ಕೀಲಿ ತಿರುಗಿದರೂ ಒಳಗೆಲ್ಲೋ ಏನೋ ಉಜ್ಜಿದ ಹಾಗೆ.

"ಇದು ನಿಮಗೆ ಹೊಳೆದದ್ದಾದ್ರೂ ಹೇಗೆ?"

"ಏನು?"

"ಈ ಪಣ. ಗೆಲ್ಲೋ ಚಟ ಇರೋರಿಗೆ ನಿಂತು ಕಾಯೋ ಪಣ ಹೇಗೆ ಹೊಳೀತು ಅಂತ."

"ಹೀಗೇ."

"ಹೀಗೇ ಅಂದ್ರೆ ಹೇಗೆ?"

ಅವನು ಬೆಂಚಿನ ಮೇಲಿದ್ದ ಒಣ ಎಲೆಯೊಂದನ್ನು ಎತ್ತಿ ಸಣ್ಣಗೆ ಹರಿಯತೊಡಗಿದ. "ಒಂದಿನ ಓಡಿ ಬರ್ತಾ ಸ್ವಲ್ಪ ಉಸಿರು ಕಟ್ಟಿದಂಗಾಯ್ತು. ಜಾಸ್ತಿ ಏನಿಲ್ಲ. ಪಂಪ್ ಮನೆ ಹತ್ರ ನಿಂತೆ. ಎಲ್ರೂ ದಾಟಿ ಹೋಗ್ತಿದ್ರು, ಒಂಥರಾ ಅವಮಾನ ಆಯ್ತು. ಸುಮ್ನೆ ನಿಂತಿದ್ದಕ್ಕೆ ಎಣಿಸಿದೆ. ಆಮೇಲೆ ಹೋಗಿ ಬಿಲ್ಲೆ ತಗೊಂಡ್ರೆ, ಆವರೆಗೂ ನಂಗೆ ಸಿಗದೇ ಇರೋ ನಂಬರು. ಖುಷಿ ಆಯ್ತು. ಅಷ್ಟೇ ಕಣೇ."

ಅವಳು ಕಳಚಿದ ತೋಳನ್ನು ಮತ್ತೆ ತೊಟ್ಟುಕೊಂಡಳು. ಆಮೇಲೆ ಅವನ ಮೊಣಕೈ ಹಿಡಿದಳು.

"ಎಲ್ಲಿಗೆ?"

"ನಡೀರಿ ಸುಮ್ನೆ."

"ಗ್ಯಾಸ್ ಇರ್ಬೇಕು ಅದು."

"ಆ ಮಾತು ಮಾತ್ರ ನನ್ನ ಮುಂದೆ ಆಡ್ಬೇಡಿ." ಅವಳ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ, ನೀರು ಬಿಡುತ್ತಿದ್ದ ಮಾಲಿ ಪೈಪು ಹಿಡಿದು ಹಾಗೇ ನಿಂತ. ಕಂಡಕ್ಟರ್ ಬಾಯಿ ಮುಚ್ಚಿಕೊಂಡು ನಡೆದ.

ಆಸ್ಪತ್ರೆಯಲ್ಲಿ ಸರತಿಗೆ ಟೋಕನ್ ಕೊಟ್ಟರು. ಅವನು ಅಭ್ಯಾಸಬಲದಿಂದ ಅದನ್ನು ಅಂಗೈಯಲ್ಲಿ ಮುಚ್ಚಿ, ಮೆಲ್ಲಗೆ ಇಣುಕಿ ನೋಡಿದ.

"ಅದು ಲೆಕ್ಕಕ್ಕೆ ಬರಲ್ಲ" ಎಂದಳು ಅವಳು.

"ನಾನೇನಂದೆ?"

ಒಳಗೆ ಡಾಕ್ಟರು ಸಣ್ಣ ವಯಸ್ಸಿನವರು. ಎದೆಗೆ ವೈರು ಹಚ್ಚಿಸಿ, ಹೊರಬಂದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಗಾಬರಿ ಪಡುವಂಥದ್ದು ಇದರಲ್ಲಿ ಕಾಣುತ್ತಿಲ್ಲ, ಆದರೆ ಇದೊಂದನ್ನೇ ನಂಬಿ ಕಳಿಸೋಕ್ಕಾಗಲ್ಲ ಎಂದರು. ಅವನು ಆಗಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಯ ಕಡೆ ನೋಡಿದ, ನೋಡಿದ್ಯಾ ಎನ್ನುವ ಹಾಗೆ.

"ಉಸಿರು ಕಟ್ಟಿದ್ದು ಎಷ್ಟು ಸಲ ಆಗಿದೆ?" ಎಂದು ಡಾಕ್ಟರು ಕೇಳಿದರು.

"ಒಂದೇ ಸಲ ಸಾರ್. ಅದೂ ಸ್ವಲ್ಪ."

ಕೀಲಿಯಕ್ಕ ಅವನ ಮುಖ ನೋಡಲಿಲ್ಲ. ಮುಖ ಯಾವತ್ತೂ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವಳು ಮೇಜಿನ ಕೆಳಗೆ, ತೊಡೆಯ ಮೇಲಿದ್ದ ಅವನ ಕೈ ನೋಡಿದಳು. ಹೆಬ್ಬೆರಳು ಕಿರುಬೆರಳಿನ ಗೆಣ್ಣಿನಿಂದ ಮೆಲ್ಲಗೆ ಮೇಲೆ ಹತ್ತಿತು. ಒಂದು. ಎರಡು. ಮೂರು. ಪಕ್ಕದ ಬೆರಳಿಗೆ ದಾಟಿತು. ನಾಲ್ಕು. ಅಲ್ಲಿ ನಿಂತಿತು.

"ನಾಲ್ಕು ಸಲ, ಡಾಕ್ಟ್ರೇ" ಎಂದಳು ಅವಳು.

ಗಂಡ ಬೆಚ್ಚಿ ಅವಳ ಕಡೆ ತಿರುಗಿದ. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡ. ಡಾಕ್ಟರು ಪೆನ್ನು ಎತ್ತಿದವರು ಇಬ್ಬರನ್ನೂ ನೋಡುತ್ತ ಕಾದರು.

"ಹೂಂ ಸಾರ್" ಎಂದ ಅವನು. "ನಾಲ್ಕು."

ಡಾಕ್ಟರು ಇನ್ನೂ ಎರಡು ಪರೀಕ್ಷೆ ಬರೆದರು. ಕೀಲಿಯಕ್ಕ ತನ್ನ ಮೇಲೆ ಇನ್ನೂ ಹಳದಿ ಜಾಕೆಟ್ಟು ಇರುವುದನ್ನು ಆಗ ಗಮನಿಸಿದಳು, ಬಿಚ್ಚಲು ಹೋಗಲಿಲ್ಲ. ಮುಂದಿನ ಕೋಣೆ ಕಾರಿಡಾರಿನ ಕೊನೆಯಲ್ಲಿ ಎಡಕ್ಕೆ ಎಂದು ನರ್ಸ್ ಹೇಳಿದರು. ಅವನು ನೆಟ್ಟಗೆ, ಹೊರಬಾಗಿಲಿನ ಕಡೆ ಹೆಜ್ಜೆ ಹಾಕಿದ್ದ.

"ಎಡಕ್ಕೆ" ಎಂದು ಅವಳು ಕೈ ಚಾಚಿ ದಾರಿ ತೋರಿಸಿದಳು. ಈ ಸಲ ಅವನು ಹೊರಳುವವರೆಗೂ ಜಾಗ ಬಿಟ್ಟು ಕದಲಲಿಲ್ಲ.